ಜುಲೈನಲ್ಲಿ ಬಾಗಿಲು ಹಾಕುವ ದೇಶ

2007ರಲ್ಲಿ ನಾನು ಕಡಲಾಚೆಯ ಬಂದರು ಸೆಂಬವಾಂಗ್‌ನ ಒಂದು ಶಿಪ್‌ಯಾರ್ಡ್‌ನಲ್ಲಿ ಕ್ವಾಲಿಟಿ ಇಂಜಿನಿಯರ್ ಆಗಿದ್ದೆ. ನಾವು ಕಟ್ಟುತ್ತಿದ್ದದ್ದು ನಾರ್ವೆಯ ಒಂದು ಕಂಪನಿಗಾಗಿ ರಿಗ್, ಅಂದರೆ ಸಮುದ್ರದ ತಳ ಕೊರೆದು ಎಣ್ಣೆ ಹುಡುಕುವ ತೇಲುವ ಕಾರ್ಖಾನೆ. ತೈಲದ ಬೆಲೆ ಏರುತ್ತಲೇ ಇದ್ದ ಕಾಲ. ಒಂದು ರಿಗ್ ಹೊರಡುವ ಮೊದಲೇ ಇನ್ನೊಂದರ ಉಕ್ಕು ಬಂದು ಬೀಳುತ್ತಿತ್ತು.

ಮಾಲೀಕರ ಪರವಾಗಿ ಕೆಲಸ ನೋಡಿಕೊಳ್ಳಲು ಲಾರ್ಸ್ ಎನ್ನುವವರು ಬಂದಿದ್ದರು. ‘ಸರ್’ ಎಂದರೆ ಅವರಿಗೆ ಮುಜುಗರ. ಮನೆಯಿಂದ ಕಾಗದದಲ್ಲಿ ಸುತ್ತಿ ತಂದ ಬ್ರೆಡ್ಡನ್ನು ಕೂಲಿಯವರ ಶೆಡ್ಡಿನ ಬೆಂಚಿನ ಮೇಲೆ ಕೂತು ತಿನ್ನುತ್ತಿದ್ದರು. ತಮ್ಮ ಊರಿನ ಕಾರ್ಖಾನೆಯಲ್ಲಿ ಡೈರೆಕ್ಟರ್ ಕೂಡ ವೆಲ್ಡರ್ ಪಕ್ಕದಲ್ಲೇ ಊಟಕ್ಕೆ ಕೂರುತ್ತಾನೆ, ಯಾರು ‘ನಿಲ್ಲಿಸಿ’ ಎಂದರೂ ಕೆಲಸ ನಿಲ್ಲುತ್ತದೆ ಎಂದು ಹೇಳುತ್ತಿದ್ದರು. ಬ್ರೆಡ್ಡಿನ ಮೇಲೆ ಕಂದು ಬಣ್ಣದ ಚೀಸ್. ಹಾಲಿನ ತಿಳಿಯನ್ನು ಗಂಟೆಗಟ್ಟಲೆ ಕಾಯಿಸಿ ಮಾಡಿದ್ದು. ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ಪಾಟೀಲರು ಹುಬ್ಬಳ್ಳಿಯವರು. ಅದನ್ನು ಬಾಯಿಗೆ ಹಾಕಿಕೊಂಡು, “ಧಾರವಾಡ ಪೇಡಾಕ್ಕೆ ಸಕ್ಕರೆ ಹಾಕೋದು ಮರೆತಿದ್ದಾರೆ ನೋಡಿ” ಎಂದಿದ್ದರು. ಪೈಪ್ ಫಿಟ್ಟರ್‌ಗಳ ಫೋರ್‌ಮನ್ ಮುನಿರಾಜು ಕೋಲಾರದ ಕಡೆಯವರು. ಲಾರ್ಸ್ ಕೊಟ್ಟ ತುಂಡನ್ನು ಮುಖ ಕಿವಿಚಿ ನುಂಗಿ, ಮರುದಿನ ತಾವೇ ಹೋಗಿ ಇನ್ನೊಂದು ಕೇಳಿದರು. “ಏನೋ ಮೇಡಂ, ಋಣ ಅಂಟ್ಕೊಂಡ್ ಬಿಡ್ತು!”

ನಾರ್ವೆಯಲ್ಲಿ ಒಂದು ಪದ್ಧತಿಯಿದೆ. ಜುಲೈ ಬಂತೆಂದರೆ ಕಾರ್ಖಾನೆ, ಕಚೇರಿಗಳು ಬಹುಪಾಲು ಒಟ್ಟಿಗೆ ಬಾಗಿಲು ಹಾಕುತ್ತವೆ. ಜನ ಕಾಡಿನಲ್ಲೋ ಕಡಲ ಅಂಚಿನಲ್ಲೋ ಇರುವ ಮರದ ಗುಡಿಸಲಿಗೆ ಹೋಗಿಬಿಡುತ್ತಾರೆ. ಅದಕ್ಕೆ ಯಾರೂ ಕ್ಷಮೆ ಕೇಳುವುದಿಲ್ಲ. ಲಾರ್ಸ್ ಕೂಡ ಹೊರಟರು. ಹೊರಡುವ ಮುನ್ನಾದಿನ ಮೀಟಿಂಗ್‌ನಲ್ಲಿ ಒಂದೇ ವಿಷಯ ಒತ್ತಿ ಹೇಳಿದರು: ದೊಡ್ಡ ಪೈಪ್‌ಲೈನಿನ ಒತ್ತಡದ ಪರೀಕ್ಷೆ ನೀರಿನಲ್ಲೇ ಆಗಬೇಕು, ಗಾಳಿಯಲ್ಲಿ ಬೇಡ.

ಕಾರಣ ಸರಳ. ನೀರು ಒತ್ತಿದರೆ ಕುಗ್ಗುವುದಿಲ್ಲ. ಪೈಪ್ ಎಲ್ಲಾದರೂ ಬಿಟ್ಟುಕೊಂಡರೆ ಒಂದಿಷ್ಟು ಚಿಮ್ಮಿ ಒತ್ತಡ ಇಳಿದುಹೋಗುತ್ತದೆ. ಗಾಳಿ ಸ್ಪ್ರಿಂಗ್‌ನಂತೆ ಮುದುಡಿ ಕೂತಿರುತ್ತದೆ. ಬಿಟ್ಟುಕೊಂಡರೆ ಅದು ಬಾಂಬು. ಆದರೆ ನೀರು ತುಂಬಿಸಿ, ಖಾಲಿ ಮಾಡಿ, ಒಣಗಿಸಲು ಎರಡು ದಿನ ಬೇಕು.

ಪಾಟೀಲರು “ಆಯ್ತು” ಎಂದರು. ಲಾರ್ಸ್ ನಿಶ್ಚಿಂತೆಯಿಂದ ವಿಮಾನ ಹತ್ತಿದರು. ಅವರ ಊರಿನಲ್ಲಿ ಆಯ್ತು ಎಂದರೆ ಆಯ್ತು. ನಮ್ಮಲ್ಲಿ ಅದು ಎದುರಿಗಿರುವವರು ಎದ್ದು ಹೋಗುವವರೆಗಿನ ಮಾತು.

ಮರುವಾರ ಪೇಂಟಿಂಗ್‌ನವರು ಕೆಲಸವಿಲ್ಲದೆ ಕೂತಿದ್ದರು, ಪರೀಕ್ಷೆ ಮುಗಿಯದೆ ಪೈಪಿಗೆ ಬಣ್ಣ ಬಳಿಯುವಂತಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ನಾನು ರಿಗ್‌ನ ಡೆಕ್ಕಿಗೆ ಹೋದರೆ, ಪೈಪಿಗೆ ಏರ್ ಕಂಪ್ರೆಸರ್ ಜೋಡಿಸಿದ್ದರು. ಪೈಪಿನ ತುದಿಗೆ ತಾತ್ಕಾಲಿಕ ಉಕ್ಕಿನ ಮುಚ್ಚಳ. ಅದರ ಪಕ್ಕದಲ್ಲೇ ಮುನಿರಾಜು, ಸೋರಿಕೆ ನೋಡಲು ಸೋಪಿನ ನೀರಿನ ಡಬ್ಬಿ ಹಿಡಿದು ನಿಂತಿದ್ದರು.

“ಸರ್, ನಿಲ್ಲಿಸಿ. ನೀರಲ್ಲಿ ಮಾಡ್ತೀವಿ ಅಂತ ಒಪ್ಪಿದ್ದೀವಲ್ಲ” ಎಂದು ಅಲ್ಲೇ ಇದ್ದ ಪಾಟೀಲರಿಗೆ ಹೇಳಿದೆ.

ಪಾಟೀಲರು ನಮ್ಮ ಮುಂದೆ ಬೆಂಗಳೂರಿನವರಂತೆ ಮಾತಾಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಹುಬ್ಬಳ್ಳಿ ಹೊರಗೆ ಬರುತ್ತಿತ್ತು. “ಅವ್ರು ಇಡೀ ದೇಶಕ್ಕ ಕೀಲಿ ಹಾಕ್ಕೊಂಡು ಹೋಗ್ಯಾರ. ನಾವೇನು ಪೇಂಟರ್‌ಗಳನ್ನ ಕೂಡಿಸ್ಕೊಂಡು ಭಜನಿ ಮಾಡೂಣೇನು? ಡೆಲಿವರಿ ಡೇಟ್ ಅವ್ರು ಮುಂದ ಹಾಕ್ತಾರೇನು?”

“ಅವರ ಒಪ್ಪಿಗೆ ಇಲ್ಲದೆ ಟೆಸ್ಟ್ ನಾನು ಪಾಸ್ ಮಾಡಲ್ಲ ಸರ್.”

“ಹಂಗಾದ್ರ ನಾರ್ವೆಗೆ ಫೋನ್ ಮಾಡ್ರಿ. ಯಾರರ ಎತ್ತಿ ಬ್ಯಾಡ ಅಂದ್ರ ನಿಲ್ಲಸ್ತೀನಿ.”

ಮುನಿರಾಜು ನಕ್ಕರು. “ಮಾಡಿ ಮೇಡಂ. ಹಂಗೇ ಇನ್ನೊಂದ್ ಪೀಸ್ ಚೀಸ್ ತರಕ್ಕೆ ಹೇಳ್ಬಿಡಿ.”

ಸೈಟ್ ಆಫೀಸಿಗೆ ಬಹುತೇಕ ಓಡಿದೆ. ನಾರ್ವೆಯಲ್ಲಿ ಆಗ ಬೆಳಗಿನ ಕಚೇರಿ ವೇಳೆ. ಲಾರ್ಸ್ ಮೊಬೈಲ್ ಆಫ್ ಆಗಿತ್ತು. ಹೆಡ್ ಆಫೀಸಿನ ನಂಬರ್ ಒತ್ತಿದೆ. ಒಂದು ಹೆಣ್ಣು ದನಿ, ಮೊದಲು ಅವರ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ: ನಾವು ಬೇಸಿಗೆ ರಜೆಯಲ್ಲಿದ್ದೇವೆ, ಆಗಸ್ಟ್‌ನಲ್ಲಿ ಸಿಗುತ್ತೇವೆ, ನಿಮ್ಮ ಬೇಸಿಗೆಯೂ ಚೆನ್ನಾಗಿರಲಿ. ರೆಕಾರ್ಡ್ ಮಾಡಿಟ್ಟ ದನಿ. ಅದು ಇನ್ನೂ ಮುಗಿದಿರಲಿಲ್ಲ, ಆಫೀಸಿನ ಕಿಟಕಿ ಗಾಜು ಒಳಕ್ಕೆ ಬಿತ್ತು. ಸದ್ದು ಆಮೇಲೆ ಕೇಳಿಸಿತೋ ಮೊದಲೇ ಕೇಳಿಸಿತೋ, ಇವತ್ತಿಗೂ ತೀರ್ಮಾನಿಸಲು ಆಗಿಲ್ಲ. ಎಷ್ಟೋ ಸಲ ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ.

ಮುಚ್ಚಳ ಡೆಕ್ಕಿನ ಆಚೆ ತುದಿಯ ರೇಲಿಂಗ್ ಮುರಿದುಕೊಂಡು ನೀರಿಗೆ ಬಿದ್ದಿತ್ತು. ನಾನು ಹತ್ತು ನಿಮಿಷ ಮೊದಲು ನಿಂತು ವಾದ ಮಾಡಿದ ಜಾಗ ಅದರ ದಾರಿಯಲ್ಲೇ ಇತ್ತು. ಪಾಟೀಲರು ಕಿವಿ ಮುಚ್ಚಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದರು. ಮುನಿರಾಜು ಬಿದ್ದಿದ್ದರು. ಡೆಕ್ಕಿನ ತುಂಬ ಸೋಪಿನ ನೊರೆ, ಅದು ನಿಧಾನಕ್ಕೆ ಕೆಂಪಾಗುತ್ತಿತ್ತು. ಅವರ ಜೀವ ಉಳಿಯಿತು. ಎಡಗಾಲು ಉಳಿಯಲಿಲ್ಲ.

ಆಗಸ್ಟ್‌ನಲ್ಲಿ ಲಾರ್ಸ್ ಬಂದರು, ಬಿಸಿಲಿಗೆ ಕೆಂಪಾಗಿದ್ದರು. ಅಪಘಾತದ ವಿಷಯ ಕೇಳಿ, “ನಿಲ್ಲಿಸಿ ಅಂತ ಯಾರೂ ಹೇಳಲಿಲ್ಲವೆ?” ಎಂದರು.

“ನಾನು ಹೇಳಿದೆ.”

“ಮತ್ತೆ?”

“ನಿಲ್ಲಿಸಲಿಲ್ಲ.”

ಅವರಿಗೆ ನನ್ನ ಉತ್ತರ ಅರ್ಥವೇ ಆಗಲಿಲ್ಲ. ಸುಳ್ಳು ಹೇಳುತ್ತಿದ್ದೇನೆಯೇ ಎನ್ನುವಂತೆ ನೋಡಿದರು. ನನಗೂ ಕಹಿ ಉಕ್ಕಿತು. “ಡೆಲಿವರಿಯನ್ನು ನಿಮ್ಮ ಕಂಪನಿ ಒಂದು ವಾರ ಮುಂದೆ ಹಾಕುತ್ತದೆಯೆ?” ಎಂದು ಕೇಳಿದೆ.

ಅವರು ಬ್ರೆಡ್ಡಿನ ಕಾಗದವನ್ನು ನೀಟಾಗಿ ಮಡಚಿದರು. “ಅದು ಓಸ್ಲೋದ ಹೆಡ್ ಆಫೀಸಿನಲ್ಲಿ ನಿರ್ಧಾರವಾಗುವ ವಿಷಯ” ಎಂದರು.

ದಿನಾಂಕ ಒಂದು ದಿನವೂ ಕದಲಲಿಲ್ಲ. ರಿಗ್ ಹೊರಟ ದಿನ ಶುಭವಾಗಲೆಂದು ಅದರ ಮೈಗೆ ಷಾಂಪೇನ್ ಬಾಟಲಿ ಒಡೆದರು, ಕೇಕ್ ಹಂಚಿದರು. ಪಾಟೀಲರನ್ನು ಬೇರೆ ಯಾರ್ಡಿಗೆ ಕಳಿಸಿದರು, ಅಷ್ಟೆ. ಲಾರ್ಸ್ ಒಳ್ಳೆಯವರು, ಅವರ ದೇಶವೂ ಒಳ್ಳೆಯದೇ. ಸಮಾನತೆ, ನಂಬಿಕೆ, ಜುಲೈನ ಗುಡಿಸಲು, ಎಲ್ಲ ನಿಜ. ಆ ನೆಮ್ಮದಿಯ ಹಿಂದೆ ತೈಲವಿತ್ತು, ತೈಲದ ಹಿಂದೆ ರಿಗ್ ಇತ್ತು, ರಿಗ್‌ಗೆ ಜುಲೈ ರಜೆ ಇರಲಿಲ್ಲ. ಅವರು ನಕ್ಷೆ ಕಳಿಸಿದ್ದರು, ವಾಲ್ವ್ ಕಳಿಸಿದ್ದರು. ‘ನಿಲ್ಲಿಸಿ’ ಎಂದರೆ ಕೆಲಸ ನಿಲ್ಲುವ ಪದ್ಧತಿ ಮಾತ್ರ ಅಲ್ಲೇ ಉಳಿದಿತ್ತು.

ಅಲ್ಲಿಂದ ಮುಂದೆ ಯಾವ ಸೈಟಿಗೆ ಹೋದರೂ ನಾನು ನಿಯಮ ಏನೆಂದು ಮೊದಲು ಕೇಳಿದ್ದಿಲ್ಲ. ಇಲ್ಲಿ ಯಾರು ‘ನಿಲ್ಲಿಸಿ’ ಎಂದರೆ ಕೆಲಸ ನಿಲ್ಲುತ್ತದೆ ಎಂದು ಕೇಳುತ್ತೇನೆ. ಉತ್ತರ ಒಬ್ಬನೇ ಮನುಷ್ಯನ ಹೆಸರಾದರೆ, ಅವನು ಊರಲ್ಲಿ ಇಲ್ಲದ ದಿನ ಪೈಪಿನ ಹತ್ತಿರ ಯಾರನ್ನೂ ಬಿಡುವುದಿಲ್ಲ.

ಮುನಿರಾಜು ಕೋಲಾರಕ್ಕೆ ಮರಳುವ ಮೊದಲು ಆಸ್ಪತ್ರೆಯಲ್ಲಿ ಅವರನ್ನು ನೋಡಲು ಹೋಗಿದ್ದೆ. ಹೊದಿಕೆ ಎಡಗಡೆ ಚಪ್ಪಟೆಯಾಗಿತ್ತು. ಅವರು ಒಂದೇ ಒಂದು ಕೇಳಿದರು.

“ಫೋನ್ ಯಾರಾದ್ರೂ ಎತ್ತಿದ್ರಾ ಮೇಡಂ?”