ಆದಮ್ಮನ ಹಲ್ಲಿಗೆ ಅಂಕವಿಲ್ಲ

ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಸಿಂಧನೂರಿನ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಮುಕ್ಕುಂದದ ಆದಮ್ಮ ಭತ್ತದ ಕಾಳೊಂದನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿಯುತ್ತಿದ್ದಳು. ಹಸಿ ಕಾಳು ಮೆತ್ತಗೆ ಒತ್ತುತ್ತದೆ, ಒಣಗಿದ್ದು ಟಕ್ಕನೆ ಎರಡಾಗುತ್ತದೆ. ಇವೆರಡರ ನಡುವಿನ ಹಂತಗಳೆಲ್ಲ ಹತ್ತೊಂಬತ್ತು ವರ್ಷಗಳಲ್ಲಿ ಅವಳಿಗೆ ತಿಳಿದಿವೆ. ತೇವ ಶೇಕಡ ಎಷ್ಟೆಂದು ಅವಳು ಹೇಳಿದ ಮೇಲೆಯೇ ಭತ್ತ ಗೋದಾಮಿಗೆ ಹೋಗುತ್ತಿತ್ತು.

ಹೊಸ ಮ್ಯಾನೇಜರ್ ಹಂಪಣ್ಣನಿಗೆ ಇದು ಸಾಲದಾಯಿತು. ಆ ಕೆಲಸದಲ್ಲಿ ಯಾರಿರಬೇಕೆಂದು ತೀರ್ಮಾನಿಸಲು ಅಂದೇ ಹತ್ತು ಗಂಟೆಗೆ ಸಾಮರ್ಥ್ಯ ಪರೀಕ್ಷೆ ಇಟ್ಟ. ತ್ರಿಕೋನದ ನಂತರ ಯಾವ ಆಕೃತಿ? ರೈಲು ಎಷ್ಟು ಸೆಕೆಂಡಿಗೆ ಸೇತುವೆ ದಾಟುತ್ತದೆ? ಭತ್ತದ ಬಗ್ಗೆ ಒಂದು ಪ್ರಶ್ನೆಯೂ ಇರಲಿಲ್ಲ.

“ನಮ್ಮ ಗಿರಣ್ಯಾಗ ರೈಲು ಯಾವಾಗ ಬಂತ್ರೀ ಸಾರ್?” ಎಂದಳು ಮೂರನೇ ಕ್ಲಾಸು ಓದಿದ ಆದಮ್ಮ.

“ಬುದ್ಧಿ ಎಷ್ಟೈತಿ ಅಂತ ನೋಡಾಕ ಇದು. ಸುಮ್ನ ಬರಿ.”

ಮಧ್ಯಾಹ್ನದ ಹೊತ್ತಿಗೆ ಅವಳ ಕೈಗೆ ಕಸಬರಿಗೆ ಬಂತು. ತೇವ ನೋಡುವ ಕೆಲಸ, ಜೊತೆಗೊಂದು ಮೀಟರು, ಪರೀಕ್ಷೆಯಲ್ಲಿ ಪಾಸಾದ ಕೆಲಸಗಾರ ಸಂಗನಬಸವನಿಗೆ.

ಮೂರು ಗಂಟೆಗೆ ದಢೇಸುಗೂರಿನ ಭತ್ತ ಡ್ರೈಯರಿನಿಂದ ಹೊರಬಂತು. ಮೀಟರು ಶೇಕಡ ಹದಿನಾಲ್ಕು ತೋರಿಸಿತು; ಗೋದಾಮಿಗೆ ಹಾಕಲು ತೇವ ಅದಕ್ಕಿಂತ ಹೆಚ್ಚಿರಬಾರದು. ಆದಮ್ಮ ಕಸಬರಿಗೆಯನ್ನು ಕಂಕುಳಿಗೆ ಸಿಕ್ಕಿಸಿ ಒಂದು ಕಾಳು ಕಡಿದಳು.

“ಹದಿನೇಳೈತ್ರಿ. ಮ್ಯಾಲ ಒಣಗೈತಿ, ಒಳಗ ಹಸಿ.”

“ಮಷೀನ್ ಸುಳ್ಳು ಹೇಳ್ತೈತೇನು? ನೀ ಕಸ ಹೊಡಿ,” ಎಂದ ಹಂಪಣ್ಣ. ಭತ್ತ ಗೋದಾಮು ಸೇರಿತು.

ಅದೇ ಭತ್ತದ ಮಾದರಿಯನ್ನು ಗಿರಣಿಯ ಲ್ಯಾಬಿನ ಓವನ್‌ನಲ್ಲಿ ಒಂದು ದಿನ ಪೂರ್ತಿ ಒಣಗಿಸಿ ತೂಗಿದಾಗ ಸಿಕ್ಕ ತೇವ ೧೬.೮. ಅಷ್ಟರಲ್ಲಿ ಗೋದಾಮಿನ ರಾಶಿ ಒಳಗೊಳಗೇ ಬೆಚ್ಚಗಾಗಿ ಕೆಡತೊಡಗಿತ್ತು. ಮೀಟರನ್ನು ದೂರುವಂತಿಲ್ಲ. ಬಿಸಿಗಾಳಿಯಿಂದ ಆಗಷ್ಟೇ ಬಂದ ಕಾಳಿನ ಹೊರಭಾಗ ಮಾತ್ರ ಒಣಗಿರುತ್ತದೆ, ಮೀಟರು ಮೋಸಹೋಗುವುದು ಅಲ್ಲೇ. ನಾಚಬೇಕಾದವರು ಬೇರೆ ಇದ್ದಾರೆ. ಕೆಲಸಕ್ಕೆ ಬೇಕಾದ ಸಾಮರ್ಥ್ಯವನ್ನು ಮುಟ್ಟಿಯೂ ನೋಡದೆ, ಬೇಡದ್ದೊಂದನ್ನು ಅಳೆದು, ಆ ಹೆಣ್ಣುಮಗಳಿಗೆ ಬುದ್ಧಿಯಿಲ್ಲವೆಂದು ಬರೆದುಕೊಂಡವರು.

ಮರುದಿನ ಸಂಜೆ ಇನ್ನೊಂದು ಲಾರಿ ಬಂದಾಗ ಹಂಪಣ್ಣ ತಾನೇ ಅಂಗಳಕ್ಕೆ ಇಳಿದ.

“ಆದಮ್ಮ, ಇದರಾಗಿನ ಎರಡು ಕಾಳು ಕಡಿದು ಹೇಳಿ ಹೋಗು.”

“ನನ್ನ ಕೆಲಸ ವಾಪಸ್ ಕೊಡ್ತೀರೇನ್ರಿ?”

“ಅದು ಆಗಂಗಿಲ್ಲ. ರಿಸಲ್ಟ್ ಮಾಲಕರಿಗೆ ಕಳಿಸೀನಿ.”

ಲಾರಿಯವನು, ಹಮಾಲರು, ಸಂಗನಬಸವ ಎಲ್ಲರೂ ನೋಡುತ್ತಿದ್ದರು. ಆದಮ್ಮ ಗುಡಿಸುವುದನ್ನು ನಿಲ್ಲಿಸಲಿಲ್ಲ.

“ಹಂಗಾರ ಪಾಸಾದವರನ್ನ ಕೇಳ್ರಿ ಸಾರ್. ನನಗ ಬಂದದ್ದು ನಲವತ್ತಕ್ಕ ನಾಲ್ಕು.”