ದಣಿದವರ ಭೂಶಿರ

ನನಗೆ ದಣಿವಾದಾಗಲೆಲ್ಲ ಮೆಡಿಟರೇನಿಯನ್ ಸಮುದ್ರ ನೆನಪಾಗುತ್ತದೆ. ನೋಡಿಬಂದಿದ್ದೇನೆ ಅಂದುಕೊಳ್ಳಬೇಡಿ. ಮಲೇಶಿಯಾದಲ್ಲಿ ನಾವಿರುವ ಪುಚೊಂಗ್‌ನಲ್ಲಿ ನಾನು ಹೋಗುವ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ, ಕುರ್ಚಿಗೆ ಒರಗಿ ಬಾಯಿ ತೆರೆದರೆ ನೇರ ಕಣ್ಣೆದುರಿಗೆ ಬರುವಂತೆ ಒಂದು ಚಿತ್ರ ತೂಗುಹಾಕಿದ್ದಾರೆ. ನೀಲಿ ಕಡಲು, ಅದರೊಳಕ್ಕೆ ಚಾಚಿಕೊಂಡ ಬಿಳಿಕಲ್ಲಿನ ಭೂಶಿರ, ತುದಿಯಲ್ಲಿ ದೀಪಸ್ತಂಭ, ಪಕ್ಕದಲ್ಲಿ ಒಂದು ಆಲಿವ್ ಮರ. ಮರದ ಕೆಳಗೆ ಯಾರೂ ಇಲ್ಲ. ಯಾರೂ ಇಲ್ಲದಿರುವುದೇ ನನಗೆ ಹಿಡಿಸಿದ್ದು. ದವಡೆಯಲ್ಲಿ ಯಂತ್ರ ಗುಂಯ್‌ಗುಡುತ್ತಿರುವಾಗ ಎಷ್ಟೋ ಸಲ ಆ ನೆರಳಿನಲ್ಲಿ ಮಲಗಿ ಬಂದಿದ್ದೇನೆ.

ನನ್ನದು ಕಲ್ಲು ಒಡೆದವನ ದಣಿವಲ್ಲ, ಮೀಟಿಂಗಿನಲ್ಲಿ ಕೂತವನ ದಣಿವು. ಕಲ್ಲು ಒಡೆದವನಿಗೆ ಉಂಡು ಮಲಗಿದರೆ ಹೋಗುತ್ತದೆ. ನನ್ನದು ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಹಲ್ಲುಜ್ಜಿ ತಯಾರಾಗಿರುತ್ತದೆ. ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಎಂದು ಹೆಸರು, ಯಂತ್ರ ಮುಟ್ಟಿ ವರ್ಷಗಳಾದವು. ಈಗ ಯಂತ್ರಗಳ ಬಗ್ಗೆ ಮಾತಾಡುವವರ ಬಗ್ಗೆ ಮಾತಾಡುತ್ತೇನೆ. ಇದರಿಂದ ಬರುವ ಆಯಾಸಕ್ಕೆ ಔಷಧವೆಂದು ಪ್ರತಿ ವರ್ಷ ಹೆಂಡತಿಗೂ ಮಗಳಿಗೂ ಮೆಡಿಟರೇನಿಯನ್ ಪ್ರವಾಸದ ಆಸೆ ಹುಟ್ಟಿಸುತ್ತೇನೆ. ವರ್ಷ ಮುಗಿಯುವ ಹೊತ್ತಿಗೆ ಅದು ಸವೆದು ಸವೆದು ಇಲ್ಲೇ ಹತ್ತಿರದ ಕಡಲತೀರದ ಊರು ಪೋರ್ಟ್ ಡಿಕ್ಸನ್ ಆಗಿರುತ್ತದೆ.

ಪೋರ್ಟ್ ಡಿಕ್ಸನ್ ಹತ್ತಿರವೂ ಒಂದು ಭೂಶಿರವಿದೆ, ತಂಜುಂಗ್ ತುವಾನ್ ಎಂದು. ಅಲ್ಲೂ ತುದಿಗೆ ಬಿಳಿಯ ದೀಪಸ್ತಂಭ. ಆಲಿವ್ ಮರದ ಬದಲು ದಟ್ಟ ಕಾಡು, ಕಾಡಿನ ತುಂಬ ಮಂಗಗಳು. ಗದಗಿನ ಶಾಲೆಯಲ್ಲಿ ನಮ್ಮ ಭೂಗೋಳದ ಮೇಷ್ಟ್ರು ಬೋರ್ಡಿನ ಮೇಲೆ ಭೂಶಿರದ ಚಿತ್ರ ಬರೆದು, ನೆಲ ಕಡಲಿಗೆ ತಲೆ ಚಾಚಿ ನೋಡುವ ಜಾಗ ಎಂದು ವಿವರಿಸುತ್ತಿದ್ದರು. ಕಡಲನ್ನು ಅವರೂ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ. ಆದ್ದರಿಂದ ಯಾರಿಗೂ ಸಂಶಯ ಬರುತ್ತಿರಲಿಲ್ಲ.

ಈ ಸಲ ಮಾರ್ಚ್‌ನಲ್ಲಿ ನಾವು ಹೋದದ್ದಕ್ಕೆ ಬೇರೆ ಕಾರಣವೂ ಇತ್ತು. ನನ್ನ ಕಾಂಟ್ರಾಕ್ಟು ಮುಗಿಯುತ್ತಿತ್ತು. ಇನ್ನೂ ಎರಡು ವರ್ಷ ಇರುತ್ತೀಯೋ, ಊರಿಗೆ ಹೊರಡುತ್ತೀಯೋ ಎಂದು ಆಫೀಸಿನವರು ಕೇಳಿದ್ದರು; ಸೋಮವಾರ ಉತ್ತರ ಕೊಡಬೇಕಿತ್ತು. ಹೆಂಡತಿ ನಸೀಮಾ ಹುಬ್ಬಳ್ಳಿಯವಳು. ಅವಳಿಗೆ ಈ ದೇಶ ಸಾಕಾಗಿದೆ, ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಅವಳ ಸಲುವಾಗಿ ಕೆಲಸ ಬಿಡುವ ತ್ಯಾಗವನ್ನು ಭೂಶಿರದ ತುದಿಯಲ್ಲಿ, ಗಾಳಿಗೆ ಮುಖವೊಡ್ಡಿ ನಿಂತು ಘೋಷಿಸಬೇಕೆಂಬುದು ನನ್ನ ಯೋಜನೆ. ನನಗೇನೋ ಇಲ್ಲಿಯೇ ಇರುವ ಮನಸ್ಸಿತ್ತು. ಆದರೆ ತ್ಯಾಗವೆಂದ ಮೇಲೆ ಸ್ವಲ್ಪ ನೋಯಬೇಕಲ್ಲ.

ಹೊರಡುವಾಗಲೇ ಒಂದು ವಿಚಿತ್ರ ಕಂಡಿತು. ನಮ್ಮ ಮಂದಿ ನಿಸರ್ಗ ನೋಡಲು ಹೊರಟರೆ ಕಾರಿನಲ್ಲಿ ಮೊದಲು ಹತ್ತುವುದು ಬುತ್ತಿ. ಪುಲಾವಿನ ಪಾತ್ರೆ, ಗಿರಮಿಟ್ಟಿನ ಡಬ್ಬಿ, ಮೊಸರು, ಉಪ್ಪಿನಕಾಯಿ ಎಲ್ಲ ಕೂತಾದ ಮೇಲೆ ಜಾಗ ಉಳಿದರೆ ನಾವು. ಅವತ್ತು ನಸೀಮಾ ಬರೀ ಕೈಯಲ್ಲಿ ಬಂದು ಕೂತಳು. "ದಾರ್ಯಾಗ ಮಮಕ್‌ನಲ್ಲಿ ಏನರ ತಪಾವ್ ಮಾಡ್ಕೊಂಡ್ರಾತು," ಎಂದಳು. ನಿಲಾಯ್ ಹತ್ತಿರದ ಒಂದು ಮಮಕ್, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ ರೊಟ್ಟಿ ಕಟ್ಟಿಸಿಕೊಂಡೆವು. ಆ ರೊಟ್ಟಿಯನ್ನೂ ಭೂಶಿರದ ಗೇಟಿನಲ್ಲೇ ಒಂದು ಮಂಗ ಬಹಳ ಮರ್ಯಾದೆಯಿಂದ ನನ್ನ ಕೈಯಿಂದ ತೆಗೆದುಕೊಂಡು ಹೋಯಿತು.

ದೀಪಸ್ತಂಭಕ್ಕೆ ಹೋಗುವ ಡಾಂಬರು ರಸ್ತೆ ದೂರವೇನಿಲ್ಲ, ಏರು ಮಾತ್ರ ಜೀವ ತೆಗೆಯುತ್ತದೆ. ಎರಡೂ ಬದಿಗೆ ಮರಗಳು ಮೇಲೆ ಒಂದಾಗಿ, ಜೀರುಂಡೆಗಳು ಕಿವಿಗೇ ಬಂದು ಕೂಗುತ್ತವೆ. ಕೊಂಬೆಗಳ ಸಂದಿಯಲ್ಲಿ ಒಮ್ಮೊಮ್ಮೆ ಕಡಲು ತುಣುಕು ತುಣುಕಾಗಿ ಕಾಣಿಸುತ್ತದೆ. ಮೆಡಿಟರೇನಿಯನ್ನಿನ ನೀಲಿಯಲ್ಲ, ಹಾಲು ಕಡಿಮೆಯಾದ ಚಹಾದ ಹಾಗೆ ಒಂದು ಬಣ್ಣ. ಅದರ ಮೇಲೆ ಹಡಗುಗಳು ಸಾಲಾಗಿ, ನಮ್ಮ ಹೈವೇ ಟ್ರಾಫಿಕ್ಕಿನಂತೆ, ಯಾವ ಉತ್ಸಾಹವೂ ಇಲ್ಲದೆ ಹೋಗುತ್ತಿದ್ದವು. ನಾನು ನಿಸರ್ಗ ವೀಕ್ಷಣೆಯ ನೆಪದಲ್ಲಿ ಮತ್ತೆ ಮತ್ತೆ ನಿಂತೆ. ಒಂದು ಜರೀಗಿಡವನ್ನಂತೂ ಉಸಿರು ಹಿಡಿತಕ್ಕೆ ಬರುವವರೆಗೆ ಅಭ್ಯಾಸ ಮಾಡಿದೆ.

ಮೇಲೆ ದೀಪಸ್ತಂಭದ ಬುಡದಲ್ಲಿ ಜನ ಕತ್ತೆತ್ತಿ ನಿಂತಿದ್ದರು. ಸುಮಾತ್ರಾ ಕಡೆಯಿಂದ ಹಕ್ಕಿಗಳು ಬರುತ್ತಿದ್ದವು. ಹದ್ದು ಎಂದೆ ನಾನು.

"ಹದ್ದು ಅಲ್ಲ ಲಾ ಅಬ್ಬಾ. ಜೇನುಗಿಡುಗ. ಟೀಚರ್ ಪಿಕ್ಚರ್ ತೋರಿಸಿದ್ರು," ಎಂದಳು ಮಗಳು ಸನಾ, ಇಲ್ಲಿಯವರ ಹಾಗೆ ಮಾತಿಗೊಂದು 'ಲಾ' ಅಂಟಿಸಿ. ಶಾಲೆಯ ಪ್ರಾಜೆಕ್ಟಿಗಾಗಿ ಹಕ್ಕಿಯ ಹೆಸರನ್ನು ಅಮ್ಮನಿಂದ ಕನ್ನಡದಲ್ಲೂ ಹುಡುಕಿಸಿಕೊಂಡಿದ್ದಳಂತೆ. ಉಳಿದದ್ದನ್ನು ಇಂಗ್ಲಿಷಿನಲ್ಲಿ ವಿವರಿಸಿದಳು. ಚಳಿಗಾಲ ಇತ್ತ ಕಳೆದು ಉತ್ತರಕ್ಕೆ ಹಿಂದಿರುಗುವ ಹಕ್ಕಿಗಳಿವು. ನೀರಿನ ಮೇಲೆ ಅವುಗಳನ್ನು ಎತ್ತುವ ಬಿಸಿಗಾಳಿ ಇರುವುದಿಲ್ಲ, ಅದಕ್ಕೇ ಕಡಲುದ್ದಕ್ಕೂ ರೆಕ್ಕೆ ಬಡಿಯುತ್ತಲೇ ಬರಬೇಕು. ನಿಜವಾಗಿಯೂ ಅವು ಸುಸ್ತಾಗಿ, ಮರದ ತಲೆಗೆ ತಾಗುವಷ್ಟು ಕೆಳಗೆ ಬರುತ್ತಿದ್ದವು. ಭೂಶಿರದ ಕಾದ ನೆಲ ಸಿಕ್ಕಿದ ಮೇಲೆ ಮಾತ್ರ ರೆಕ್ಕೆ ಬಡಿಯುವುದನ್ನು ನಿಲ್ಲಿಸಿ, ಸುಮ್ಮನೆ ಬಿಚ್ಚಿಕೊಂಡು, ಸುತ್ತುತ್ತ ಮೇಲೇರಿದವು. ಅಷ್ಟು ದಣಿದ ಜೀವಗಳನ್ನು ನಾನು ಆಫೀಸಿನ ಹೊರಗೆ ನೋಡಿರಲಿಲ್ಲ.

ಇದೇ ಹೊತ್ತೆಂದು ನಸೀಮಾಳಿಗೆ ಹೇಳಿದೆ, "ನಾ ಕೆಲಸ ಬಿಡ್ತೀನಿ. ಊರಿಗೆ ಹೋಗೂಣು."

ನಮ್ಮ ಮನೆಮಾತು ಉರ್ದು. ಜಗಳ ಮಾತ್ರ ಹುಬ್ಬಳ್ಳಿ ಕನ್ನಡದಲ್ಲಿ, ಅದರಲ್ಲಿ ಬಿರುಸು ಚೆನ್ನಾಗಿ ಬರುತ್ತದೆ. ಅವಳು ಹಕ್ಕಿಗಳಿಂದ ಕಣ್ಣು ತೆಗೆಯದೆ, "ನಾ ಯಾವಾಗ ಹೇಳೀನ್ರಿ ಊರಿಗೆ ಹೋಗೂಣು ಅಂತ?" ಎಂದಳು.

"ಹೇಳಿಲ್ಲ. ಆದ್ರ ನಿನಗ ಸಾಕಾಗೇತಿ, ನನಗ ಗೊತ್ತಾಗ್ತೈತಿ."

"ಸಾಕಾಗೇತಿ, ಖರೇ. ಇಲ್ಲಿರೂದಲ್ಲ, ಎರಡೆರಡು ವರ್ಷ ಇರೂದು ಸಾಕಾಗೇತಿ. ಬಂದಾಗಿಂದ ನೆಲದ ಮ್ಯಾಲ ಗಾದಿ ಹಾಸಿ ಮಲಗೀವಿ. ಮಂಚ ಯಾಕ, ಹೆಂಗೂ ಹೋಗೂದಲ್ಲಾ ಅಂದ್ರಿ. ಪರದೆ ಯಾಕ ಅಂದ್ರಿ. ಟಿವಿ ತಂದ ರಟ್ಟಿನ ಖೋಕಾ ಸಹಿತ ಒಗೀಲಿಕ್ಕೆ ಬಿಡಲಿಲ್ಲ, ಹೋಗೂವಾಗ ತುಂಬಲಿಕ್ಕೆ ಬೇಕು ಅಂತ. ಸನಾ ಆ ಖೋಕಾದ ಜೋಡಿನ ದೊಡ್ಡಾಕಿ ಆದಳು. ಊರಿಗರ ಹೋಗ್ರಿ, ಇಲ್ಲ್ಯರ ಇರ್ರಿ. ಎಲ್ಲಿದ್ರೂ ಪೂರಾ ಇರೂಣು. ನನ್ನ ಕೈಲೆ ಇನ್ನ ಆಗೂದಿಲ್ಲ."

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಇಷ್ಟು ವರ್ಷ ಮನೆಯಲ್ಲಿ ದಣಿವಿನ ಗುತ್ತಿಗೆಯೆಲ್ಲ ನನ್ನದೇ ಎಂದು ನಂಬಿದ್ದೆ. ಅವಳ ಮುಖವನ್ನು ನೋಡಿದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಮಗಳು ಹಕ್ಕಿ ನೋಡುವ ನೆಪದಲ್ಲಿ ನಮ್ಮನ್ನೇ ಕೇಳಿಸಿಕೊಳ್ಳುತ್ತಿದ್ದಳು.

"ಇಲ್ಲೇ ಇರೂಣು," ಎಂದೆ. ಎಷ್ಟು ದಿನ ಎಂದು ನಾನು ಹೇಳಲಿಲ್ಲ, ಅವಳು ಕೇಳಲಿಲ್ಲ. ಹಸಿವಾಗಿದೆ ಎಂದಳು.

ಪುಚೊಂಗ್‌ಗೆ ಮರಳುವಾಗ ಮರದ ಸಾಮಾನಿನ ಅಂಗಡಿಯ ಮುಂದೆ ಕಾರು ನಿಲ್ಲಿಸಿದೆವು. ನಸೀಮಾ ಇದ್ದುದರಲ್ಲಿ ಅತಿ ಭಾರದ ಮಂಚವನ್ನೇ ಆರಿಸಿದಳು. ಅದನ್ನು ನಮ್ಮ ಕಾಂಡೋದ ಲಿಫ್ಟಿಗೆ ತುರುಕಲು ಆಳುಗಳು ಪಟ್ಟ ಪಾಡು ನೋಡಿದರೆ, ಮತ್ತೆ ಹೊರಗೆ ತರುವುದು ಯಾರಿಂದಲೂ ಆಗದ ಮಾತು. ಅದರ ಮೇಲೆ ಮಲಗಿದರೆ ನನಗೆ ಇನ್ನೂ ಬೆನ್ನು ಹಿಡಿಯುತ್ತದೆ. ಹಾಗೆಂದು ಹೇಳಿದರೆ ನಸೀಮಾ ಆ ಕಡೆ ಹೊರಳಿ, "ರೂಢಿ ಆಗ್ತದ ಬಿಡ್ರಿ, ಏನ್ ಅವಸರ ಐತಿ?" ಎನ್ನುತ್ತಾಳೆ.