ಏಳು ವರ್ಷ ಬರೆದ ಒಂದೇ ವಾಕ್ಯ

ಸಿದ್ದೇಗೌಡರೇ, ನಿಮ್ಮ ಬಡ್ತಿಗೆ ಅಡ್ಡಗಾಲು ಹಾಕಿದವನು ನಾನು. ಬೆಂಗಳೂರಿನ ಕಚೇರಿಯಲ್ಲ, ನಿಮ್ಮ ಗ್ರಹಚಾರವೂ ಅಲ್ಲ. ನೀವು ದಿನಾ ಬೆಳಿಗ್ಗೆ ಎದ್ದು ನಿಂತು ನಮಸ್ಕಾರ ಹೇಳುತ್ತಿದ್ದ ಈ ನಂಜುಂಡಪ್ಪ.

ಇಂಜಿನಿಯರಾಗಿದ್ದ ನಾನು ವರ್ಷಕ್ಕೊಮ್ಮೆ ನನ್ನ ಕೈಕೆಳಗೆ ಕಟ್ಟಡದ ಕೆಲಸ ನೋಡಿಕೊಳ್ಳುವ ಓವರ್‌ಸಿಯರುಗಳ ಯೋಗ್ಯತೆ ಅಳೆದು ಗೋಪ್ಯ ವರದಿ ಬರೆಯಬೇಕಿತ್ತು. ಒಬ್ಬರನ್ನು ನಂಬಿ ಒಂದು ಕಾಮಗಾರಿಯನ್ನು ಪೂರ್ತಿ ಒಪ್ಪಿಸಬಹುದೇ ಇಲ್ಲವೇ ಎಂಬುದನ್ನು ಆ ಒಂದು ಹಾಳೆ ತೀರ್ಮಾನಿಸುತ್ತಿತ್ತು. ದೋಷ ಬರೆದರೆ ಆ ನೌಕರನಿಗೆ ತಿಳಿಸಲೇಬೇಕು; ಹೊಗಳಿದರೆ ತಿಳಿಸಬೇಕಿಲ್ಲ. ಆದ್ದರಿಂದ ನಾನು ಹೊಗಳಿದೆ. ‘ನಂಬಿಕಸ್ಥರು. ಮೇಲಧಿಕಾರಿಯ ಮಾರ್ಗದರ್ಶನದಲ್ಲಿ ಬಹಳ ಚೆನ್ನಾಗಿ ಕೆಲಸ ಮಾಡುತ್ತಾರೆ.’ ಓದುವ ಅಧಿಕಾರಿಗಳಿಗೆ ಇದರ ಅರ್ಥ ಚೆನ್ನಾಗಿ ಗೊತ್ತಿತ್ತು: ಈ ಮನುಷ್ಯನ ಕೈಗೆ ಕೆಲಸ ಕೊಟ್ಟು ಒಂಟಿಯಾಗಿ ಬಿಡಬೇಡಿ. ಏಳು ವರ್ಷ ಅದೇ ವಾಕ್ಯ ಬರೆದೆ. ಒಂದು ಪದ ಬದಲಿಸುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಮಾರ್ಗದರ್ಶನವಂತೆ — ಯಾರದ್ದು? ನನ್ನದೇ? ಈಗ ಆ ಪದ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಸ್ವಾತಂತ್ರ್ಯ ಬಂದ ಹೊಸತು, ಊರಿನಲ್ಲಿ ಆಸ್ಪತ್ರೆಯ ಹೊಸ ವಾರ್ಡುಗಳನ್ನು ಕಟ್ಟುತ್ತಿದ್ದೆವು. ಸಿಮೆಂಟಿಗೆ ಪರ್ಮಿಟ್ಟು, ಕಬ್ಬಿಣಕ್ಕೆ ಪರ್ಮಿಟ್ಟು, ಕೊಯ್ಲು ಬಂತೆಂದರೆ ಗಾರೆಯವರೆಲ್ಲ ಹಳ್ಳಿಗೆ. ನಾನು ಎಲ್ಲರನ್ನೂ ಗದರಿಸಿ ಕೇಳುತ್ತಿದ್ದುದು ಒಂದೇ, ಕೆಲಸ ಯಾವಾಗ ಮುಗಿಯುತ್ತದೆ ಎಂದು. ಅವರೂ ನನಗೆ ಹಿತವಾಗುವ ಒಂದು ದಿನ ಹೇಳಿ ಪಾರಾಗುತ್ತಿದ್ದರು. ನೀವು ಸೋಮವಾರ ಬೆಳಿಗ್ಗೆ ಗಾರೆಯವನನ್ನು, ಬಡಗಿಯನ್ನು, ಇಟ್ಟಿಗೆ ಗೂಡಿನವನನ್ನು ಮರದ ಕೆಳಗೆ ಕೂರಿಸಿಕೊಂಡು ಬೇರೆಯದನ್ನೇ ಕೇಳುತ್ತಿದ್ದಿರಿ.

“ಯಾವಾಗ ಮುಗೀತದೆ ಅಂತ ನಾನ್ ಕೇಳಾಕಿಲ್ಲ ಕಣ್ರಪ್ಪ. ಏನಾದ್ರೆ ನಿಮ್ ಕೆಲ್ಸ ನಿಂತೋಯ್ತದೆ, ಅದ್ ಏಳಿ.”

ಅವರು ನಾಚಿಕೆ ಬಿಟ್ಟು ಹೇಳುತ್ತಿದ್ದರು — ತಂಗಿಯ ಮದುವೆ, ಎತ್ತಿಗೆ ಕಾಲುಬೇನೆ, ಸೌದೆಯ ಅಭಾವ. ನೀವು ಅದಕ್ಕೆ ತಕ್ಕಂತೆ ಒಂದರ ಹಿಂದೆ ಒಂದು ಕೆಲಸ ಜೋಡಿಸುತ್ತಿದ್ದಿರಿ. ಹೇಳಿದ ತಿಂಗಳಿಗೆ ವಾರ್ಡು ಎದ್ದು ನಿಂತಿತು. ಮುಖ್ಯ ಇಂಜಿನಿಯರು ಬಂದು ಇದು ಹೇಗೆ ಸಾಧ್ಯವಾಯಿತು ಎಂದರು. ನಿಮ್ಮ ಸೋಮವಾರದ ಪದ್ಧತಿಯನ್ನು ನಾನು ನನ್ನದೆಂದು ವಿವರಿಸಿದೆ. ನೀವು ಪಕ್ಕದಲ್ಲೇ ಅಳತೆಯ ಟೇಪು ಹಿಡಿದು ನಿಂತಿದ್ದಿರಿ.

ಅವತ್ತೇ ನನಗೆ ದಿಗಿಲು ಹತ್ತಿತು. ನಿಮಗೆ ಬಡ್ತಿಯಾಗಿ ಬೇರೆ ಕಡೆ ಹೋದರೆ ನನ್ನ ಬಂಡವಾಳ ಬಯಲಾಗುತ್ತದೆ. ಆ ವಾಕ್ಯ ಹುಟ್ಟಿದ್ದು ಹಾಗೆ. ಅಷ್ಟೇ ಆಗಿದ್ದರೆ — ಇಲ್ಲ, ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು.

ಮೂರನೇ ವರ್ಷವೂ ಬಡ್ತಿಯ ಪಟ್ಟಿಯಲ್ಲಿ ನಿಮ್ಮ ಹೆಸರಿರಲಿಲ್ಲ. ನೀವು ನನ್ನ ಕೋಣೆಗೆ ಬಂದು ಬಾಗಿಲ ಹತ್ತಿರವೇ ನಿಂತಿರಿ.

“ನನ್ ಕೆಲ್ಸದಲ್ಲಿ ಏನ್ ಕಮ್ಮಿ ಐತೆ ಏಳ್ಬುಡಿ ಸಾರ್. ತಿದ್ಕತೀನಿ.”

ಏನೂ ಕಮ್ಮಿ ಇರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು ಬಾಯಿಗೆ ಬಂದದ್ದನ್ನು ಹೇಳಿದೆ:

“ಇಂಗ್ಲಿಷ್ ಸಾಲದು ಗೌಡ್ರೇ.”

ನಲವತ್ತು ದಾಟಿದ ನೀವು, ದಿನವಿಡೀ ಬಿಸಿಲಲ್ಲಿ ನಿಂತವರು, ಸಂಜೆ ಸೈಕಲ್ಲು ತುಳಿದುಕೊಂಡು ದೇವರಾಜ ಮೊಹಲ್ಲಾದ ಒಬ್ಬ ಮೇಷ್ಟರ ಹತ್ತಿರ ಇಂಗ್ಲಿಷ್ ಪಾಠಕ್ಕೆ ಹೋದಿರಿ. ಎರಡು ವರ್ಷ! ನನಗೆ ಗೊತ್ತಿತ್ತು. ನಿಮ್ಮ ವಾರದ ವರದಿ ಇಂಗ್ಲಿಷಿನಲ್ಲಿ ಬರತೊಡಗಿತು, ತಪ್ಪುಗಳು ಕಡಿಮೆಯಾಗುತ್ತ ಬಂದವು. ಕೆಂಪು ಶಾಯಿಯಲ್ಲಿ ಅವನ್ನು ತಿದ್ದಿ ಕೊಡುತ್ತಿದ್ದೆ, ದೊಡ್ಡ ಗುರುವಿನ ಹಾಗೆ. ವರ್ಷದ ಕೊನೆಗೆ ಅದೇ ಪೆನ್ನನ್ನು ಕೆಳಗಿಟ್ಟು ಬೇರೆ ಪೆನ್ನಿನಲ್ಲಿ ಅದೇ ವಾಕ್ಯ ಬರೆಯುತ್ತಿದ್ದೆ. ಎಂಥ ನೀಚತನ ಇದು! ಇದಕ್ಕಿಂತ ಮೆತ್ತಗಿನ ಪದ ನನಗೆ ಬೇಡ.

ನಿಮ್ಮ ಮೇಲೂ ನನಗೆ ಸಿಟ್ಟಿದೆ. ಒಂದು ಸಲವಾದರೂ ಮೇಜು ಗುದ್ದಬಾರದಿತ್ತೇ? ಹೊಸದಾಗಿ ಬಂದ ಹುಡುಗರನ್ನು ಕೆಲಸ ಕಲಿಯಲೆಂದು ನಿಮ್ಮ ಹತ್ತಿರ ಬಿಡುತ್ತಿದ್ದೆ. ಕಲಿತವರು ನಿಮ್ಮ ತಲೆಯ ಮೇಲೆ ಅಧಿಕಾರಿಗಳಾಗಿ ಬಂದು ಕೂತರು. ನೀವು ಅವರಿಗೂ ಎದ್ದು ನಮಸ್ಕಾರ ಹೇಳಿದಿರಿ. ಆದರೆ — ನೋಡಿ, ಇಲ್ಲೂ ತಪ್ಪನ್ನು ನಿಮ್ಮ ಹೆಗಲಿಗೆ ದಾಟಿಸಲು ಹೊರಟೆ.

ಏಳನೇ ವರ್ಷ ನನಗೇ ಬಡ್ತಿಯಾಗಿ ಬೇರೆ ಜಿಲ್ಲೆಗೆ ಹೋದೆ. ನನ್ನ ಜಾಗಕ್ಕೆ ಬಂದವರು ಹಳೆಯ ವರದಿಗಳನ್ನು ನೋಡಿ ನನ್ನ ವಾಕ್ಯವನ್ನೇ ನಕಲು ಮಾಡಿದರು. ಓವರ್‌ಸಿಯರಾಗಿ ಸೇರಿದವರು ಓವರ್‌ಸಿಯರಾಗಿಯೇ ನಿವೃತ್ತರಾದಿರಿ.

ಹೋದ ತಿಂಗಳು ನಿಮ್ಮ ಬೀಳ್ಕೊಡುಗೆಗೆ ನನ್ನನ್ನು ಅಧ್ಯಕ್ಷನನ್ನಾಗಿ ಕರೆಸಿದ್ದಿರಿ. ನೀವು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ, ನನ್ನ ಕೊರತೆ ತೋರಿಸಿ ತಿದ್ದಿದವರು ಇವರು ಎಂದು ನನ್ನತ್ತ ಕೈಮುಗಿದಿರಿ. ಜನ ಚಪ್ಪಾಳೆ ತಟ್ಟಿದರು. ನಾನು ನಕ್ಕು ತಲೆಯಾಡಿಸಿದೆ. ಆಮೇಲೆ ನಿಮ್ಮ ಮಗ, ಹೆಬ್ಬಾಳದ ಕಡೆ ಎಲ್ಲೋ ಕೆಲಸದಲ್ಲಿದ್ದಾರಂತೆ, ನನಗೆ ಕಾಫಿ ತಂದುಕೊಟ್ಟು ಮೆಲ್ಲಗೆ ಹೇಳಿದರು:

“ನಮ್ಮಪ್ಪಂಗೆ ಆಗಿದ್ದು ಇಷ್ಟೇ ಸಾರ್. ಪಾಪ, ಅವ್ರ ಕೈಲಿ ಎಷ್ಟಾಯ್ತದೋ ಅಷ್ಟು ಮಾಡುದ್ರು.”

ಪಾಪವಂತೆ! ಮನೆಯಲ್ಲೂ ನಿಮ್ಮ ಬಗ್ಗೆ ನನ್ನ ವರದಿಯೇ ಉಳಿದಿದೆ. ಆಗಲೂ ತಲೆಯಾಡಿಸಿ ಕಾಫಿ ಕುಡಿದೆ.

ಬರುವ ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ಮಗ ಮನೆಯಲ್ಲಿರಲಿ. ಈ ಕಾಗದವನ್ನು ಅವರ ಎದುರಿಗೆ ನಾನೇ ಗಟ್ಟಿಯಾಗಿ ಓದುತ್ತೇನೆ, ಒಂದು ಸಾಲೂ ಬಿಡದೆ. ಅವರು ಕತ್ತಿನ ಪಟ್ಟಿ ಹಿಡಿದರೆ ಹಿಡಿಯಲಿ. ನಿಮ್ಮಲ್ಲಿ ಕೇಳುವುದು ಇಷ್ಟೇ ಸಿದ್ದೇಗೌಡರೇ: ಆಗ ನೀವು ನಡುವೆ ಬಂದು “ಓಗ್ಲಿ ಬುಡಿ ಸಾರ್” ಅನ್ನಬೇಡಿ.